ಕ್ಯಾರೇ ಅನ್ನದವರು

‘ಅವನು ಕ್ಯಾರೇ ಅನ್ನಲಿಲ್ಲ’ ಎಂದು ದೂರುವವನು ದೊಡ್ಡದೇನನ್ನೂ ಬಯಸಿರುವುದಿಲ್ಲ. ಎದುರಿಗಿದ್ದವನು ತಲೆಯೆತ್ತಿ ‘ಏನೋ?’ ಎಂದಿದ್ದರೆ ಸಾಕಿತ್ತು.

*

ಈ ಕ್ಯಾರೇಯನ್ನು ಇಂಗ್ಲಿಷಿನ ‘ಕೇರ್’ ಎಂದುಕೊಂಡವರು ಬಹಳ. ಹಾಗಿದ್ದರೆ ನಾವು ‘ಕ್ಯಾರೇ ಮಾಡಲಿಲ್ಲ’ ಅನ್ನಬೇಕಿತ್ತು. ಇಂಗ್ಲಿಷಿನಿಂದ ಬಂದ ಕ್ರಿಯೆಗೆ ಕನ್ನಡ ‘ಮಾಡು’ ಹಚ್ಚುತ್ತದೆ: ಫೋನ್ ಮಾಡು, ಟ್ರೈ ಮಾಡು, ಕೇರ್ ಮಾಡು. ‘ಅನ್ನು’ ಹತ್ತುವುದು ಸದ್ದಿಗೆ, ಆಡಿದ ಮಾತಿಗೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಕಿಮಕ್ ಅನ್ನಲಿಲ್ಲ, ತುಟಿ ಪಿಟಕ್ ಅನ್ನಲಿಲ್ಲ. ಕ್ಯಾರೇ ಈ ಸಾಲಿನದು. ದಖನಿ ಉರ್ದುವಿನ ‘ಕ್ಯಾ ರೇ’: ಮೈಸೂರು ಸೀಮೆಯ ‘ಏನ್ಲಾ’, ಧಾರವಾಡದ ಕಡೆಯ ‘ಏನಲೇ’. ಕ್ರಿಯಾಪದ ಕೊಡುವ ಈ ಸಾಕ್ಷಿ ನನಗೆ ಸಾಕು.

*

ವಿಜಯಪುರದ ಆದಿಲ್‌ಶಾಹಿ 1490ರಿಂದ 1686ರವರೆಗೆ ಆಳಿತು. ಶ್ರೀರಂಗಪಟ್ಟಣದಲ್ಲಿ ಹೈದರ್, ಟಿಪ್ಪು 1799ರವರೆಗೆ ಇದ್ದರು. ದೊರೆಗಳು ಹೋದರೂ ಸಂತೆಬೀದಿಯಲ್ಲಿ, ಮಂಡಿಯಲ್ಲಿ, ಜಟಕಾ ಸ್ಟ್ಯಾಂಡಿನಲ್ಲಿ ಕನ್ನಡ, ದಖನಿ ಎರಡೂ ಮಾತುಗಳು ಪಕ್ಕಪಕ್ಕದಲ್ಲೇ ಬಾಳಿದವು. ಕಚೇರಿ, ಅರ್ಜಿ, ತಹಶೀಲ್ದಾರ, ತಕರಾರು, ಜಾಮೀನು, ವಕೀಲ ಎಲ್ಲ ನಮ್ಮಲ್ಲಿ ಸೇರಿಹೋದದ್ದು ಆ ಸಹವಾಸದಿಂದ. ಅರ್ಜಿ ಎಂಬ ಮಾತು ಬಂದ ದಾರಿಯಲ್ಲೇ ಅರ್ಜಿಯ ಕಡೆ ನೋಡದವನನ್ನು ದೂರುವ ಮಾತೂ ಬಂದಿದೆ.

*

‘ರೇ’ಯಲ್ಲಿ ಮರ್ಯಾದೆಯಿಲ್ಲ. ಮೇಲಿನವನು ಕೆಳಗಿನವನನ್ನು, ಗೆಳೆಯ ಗೆಳೆಯನನ್ನು ಕರೆಯುವ ಧಾಟಿ ಅದು. ಬೈಗುಳದ ಪಕ್ಕದ ಮನೆಯಲ್ಲಿ ವಾಸವಾಗಿರುವ ಆ ಕರೆಯೂ ಸಿಗಲಿಲ್ಲ ಎಂಬುದು ಇವನ ಸಂಕಟ. ಬೈಸಿಕೊಂಡವನು ಅಷ್ಟರಮಟ್ಟಿಗೆ ಅದೃಷ್ಟವಂತ. ಅವನು ಅಲ್ಲಿಗೆ ಹೋಗಿದ್ದ ಎಂಬುದಕ್ಕೆ ಒಂದು ಪುರಾವೆಯಾದರೂ ಸಿಕ್ಕಿತು.

*

ನಿಜವಾಗಿ ಕ್ಯಾರೇ ಅನ್ನದವನಿಗೆ ಈ ಮಾತು ಬೇಕಾಗುವುದಿಲ್ಲ. ತನ್ನ ಬಗ್ಗೆಯೇ ‘ನಾನು ಯಾರಿಗೂ ಕ್ಯಾರೇ ಅನ್ನಲ್ಲ’ ಎಂದು ಹೇಳಿಕೊಳ್ಳುವುದು ಸಿನಿಮಾದ ಹೀರೊ ಮಾತ್ರ, ಅದೂ ಹತ್ತು ಜನ ಕೇಳಿಸಿಕೊಳ್ಳುವಂತೆ, ಸ್ಲೋ ಮೋಷನ್ನಿನಲ್ಲಿ.

*

‘ನಾನು ಹೋದಾಗ ಅವರು ಕ್ಯಾರೇ ಅಂದರು’ ಎಂದು ಯಾರೂ ಹೇಳಿದ್ದಿಲ್ಲ. ‘ಅವನಿಗೆ ನಾವೆಲ್ಲ ಸೊಪ್ಪು ಹಾಕುತ್ತೇವೆ’ ಅಂತಲೂ ಇಲ್ಲ. ‘ಯಾರು ಸೊಪ್ಪು ಹಾಕ್ತಾರೆ?’ ಎಂಬ ಪ್ರಶ್ನೆಯಿದೆ, ಅದೂ ಇಲ್ಲವೆಂದೇ. ‘ಪರವಾ’ ಇದ್ದರೂ ಅದರ ಜೊತೆಗೊಂದು ‘ಇಲ್ಲ’ ಇರಲೇಬೇಕು. ದರಕಾರವೂ ಅಷ್ಟೇ. ಕನ್ನಡದಲ್ಲಿ ಇವೆಲ್ಲ ನಿಷೇಧದ ಊರುಗೋಲಿಲ್ಲದೆ ನಡೆಯಲಾರದ ಪದಗಳು. ಅಕ್ಕರೆಯಿದ್ದಾಗ ನಾವು ಹೆಸರಿಡಲು ಹೋಗಲಿಲ್ಲ. ಅದು ತಪ್ಪಿದ ದಿನ ಪದ ಹುಡುಕಿಕೊಂಡು ಹೊರಟೆವು.

*

ದರಕಾರ ಪಾರಸಿಯಲ್ಲಿ ‘ಬೇಕಾದದ್ದು’. ಫಿಕರು ಅರಬ್ಬಿಯಲ್ಲಿ ‘ಯೋಚನೆ’. ಕಾಳಜಿ ಮರಾಠಿಯಿಂದ ಬಂತು, ಕೇರ್ ಇಂಗ್ಲಿಷಿನಿಂದ. ಕರಾವಳಿಯವರು ‘ಅವನಿಗೆ ಗಣ್ಯವೇ ಇಲ್ಲ ಮಾರಾಯ್ರೆ’ ಎನ್ನುವಾಗ ಬಳಸುವುದು ಸಂಸ್ಕೃತದ ಎಣಿಕೆಯ ಮಾತು. ಚಿಂತೆ ಮಾಡಲು ಇಷ್ಟು ಭಾಷೆಗಳಿಂದ ಸಾಲ ತಂದೆವು, ತಂದದ್ದನ್ನು ಬಹುಪಾಲು ‘ಇಲ್ಲ’ದ ಖಾತೆಗೆ ಜಮಾ ಮಾಡಿದೆವು.

*

ಪರವಾಗಿಲ್ಲ ಎಂಬ ಪದದ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು.

ಪಾರಸಿಯ ‘ಪರ್ವಾ’ ಎಂದರೆ ಚಿಂತೆ, ಲಕ್ಷ್ಯ. ಅದಕ್ಕೆ ನಮ್ಮ ‘ಇಲ್ಲ’ ಸೇರಿತು. ಬಿಡಿಸಿ ನೋಡಿದರೆ ‘ನನಗೆ ಚಿಂತೆಯಿಲ್ಲ’ ಎಂದಷ್ಟೇ ಆಗುವ ಮಾತು ಈಗ ನಮ್ಮ ದಿನದ ಅರ್ಧ ವ್ಯವಹಾರ ನಡೆಸುತ್ತಿದೆ. ಬಸ್ಸಿನಲ್ಲಿ ಕಾಲು ತುಳಿದವರು ‘ಸಾರಿ’ ಎಂದರೆ ‘ಪರವಾಗಿಲ್ಲ’. ಚೀಲ ಹಿಡಿದುಕೊಳ್ಳಲೇ ಎಂದರೆ ‘ಪರವಾಗಿಲ್ಲ ಬಿಡಿ, ನಾನೇ ಎತ್ಕೋತೀನಿ’. ಜ್ವರ ಬಿಟ್ಟವರನ್ನು ವಿಚಾರಿಸಿದರೆ ‘ಈಗ ಪರವಾಗಿಲ್ಲ’. ಮದುವೆ ಊಟ ಹೇಗಿತ್ತು ಎಂದರೆ ಅರೆಗಳಿಗೆ ಸುಮ್ಮನಿದ್ದು ‘ಪರವಾಗಿಲ್ಲ’. ಅಡುಗೆ ಭಟ್ಟರ ಹೊಟ್ಟೆಯ ಮೇಲೆ ಇದಕ್ಕಿಂತ ಮೆತ್ತಗೆ ಹೊಡೆಯುವ ಮಾತು ನಾನು ಕಂಡಿಲ್ಲ. ಅದೇ ಪದವನ್ನು ಹುಬ್ಬೇರಿಸಿ ‘ಪರವಾಗಿಲ್ವೇ!’ ಎಂದರೆ ಹೊಗಳಿಕೆ: ದಡ್ಡನೆಂದು ಎಲ್ಲರೂ ಕೈಬಿಟ್ಟಿದ್ದ ಹುಡುಗ ಪಾಸಾಗಿದ್ದಾನೆ.

ತಮಿಳರು ‘ಪರವಾಯಿಲ್ಲೈ’ ಎಂದರು, ತೆಲುಗರು ‘ಪರವಾಲೇದು’ ಎಂದರು. ಮೂರು ಭಾಷೆಗಳೂ ಒಂದೇ ಪಾರಸಿ ಪದವನ್ನು ತಂದು, ಒಂದೇ ರೀತಿ ಅಲ್ಲಗಳೆದು, ಒಂದೇ ರೀತಿ ದಾಕ್ಷಿಣ್ಯದ ಕೆಲಸಕ್ಕೆ ಹಚ್ಚಿವೆ. ಚಿಂತೆಯಿಲ್ಲ ಎನ್ನುವ ಪದವೇ ಎದುರಿನವರ ಮುಜುಗರದ ಚಿಂತೆಯನ್ನು ಹೊತ್ತು ತಿರುಗುತ್ತಿದೆ.

*

ಇಂಗ್ಲಿಷಿನವರ ‘ಮೆಹ್’ ಎಂಬ ಉದ್ಗಾರವನ್ನು ತಮ್ಮ ನಿಘಂಟಿಗೆ ಸೇರಿಸಿಕೊಳ್ಳುವುದಾಗಿ ಕಾಲಿನ್ಸ್ ಪ್ರಕಾಶನದವರು ಹೇಳಿದ್ದು 2008ರಲ್ಲಿ. ಅಮೆರಿಕದ ‘ದಿ ಸಿಂಪ್ಸನ್ಸ್’ ಕಾರ್ಟೂನಿನ ಮಕ್ಕಳು ಅದಕ್ಕೆ ಮೊದಲೇ ಅದನ್ನು ಮನೆಮನೆಗೆ ಮುಟ್ಟಿಸಿದ್ದರು. ‘ಚೆನ್ನಾಗಿಲ್ಲ ಅನ್ನುವಷ್ಟು ಶ್ರಮವನ್ನೂ ನಾನು ಪಡಲಾರೆ’ ಎಂಬುದು ಅದರ ತಾತ್ಪರ್ಯ. ಮದುವೆ ಊಟದ ‘ಪರವಾಗಿಲ್ಲ’ ಅದರ ದೂರದ ನೆಂಟ. ಆದರೆ ನಮ್ಮದಕ್ಕೆ ಊಟ ಹಾಕಿದವರ ಮುಖ ನೋಡುವ ಅಭ್ಯಾಸವಿದೆ.

*

ಒಲ್ಲೆ ಎಂದವನ ಜೊತೆ ಜಗಳವಾಡಬಹುದು. ಕ್ಯಾರೇ ಅನ್ನದವನ ಜೊತೆ ಜಗಳ ಶುರು ಮಾಡುವುದೇ ಕಷ್ಟ.

*

‘ರಾತ್ರಿಗೆ ಏನ್ ಮಾಡ್ಲಿ?’

‘ಏನಾದ್ರೂ ಮಾಡು.’

ಹೀಗೆಂದ ಗಂಡ ತನ್ನನ್ನು ಉದಾರಿ ಎಂದುಕೊಂಡಿರುತ್ತಾನೆ. ಇಂಥದ್ದೇ ಬೇಕೆಂದು ಹಟ ಹಿಡಿದಿಲ್ಲ, ನಾಲಗೆಯ ಚಪಲ ತೋರಿಸಿಲ್ಲ. ಕೇಳಿದವಳ ತಲೆಯೊಳಗೆ ನಡೆಯುವುದೇ ಬೇರೆ. ಬೆಳಗಿನ ಹುಳಿ ಎರಡು ಸೌಟು ಉಳಿದಿದೆ, ಬೀನ್ಸ್ ಬಾಡುತ್ತಿದೆ, ದೋಸೆ ಹಿಟ್ಟು ಹುಳಿ ಬಂದಿದೆ, ಮಾವನಿಗೆ ರಾತ್ರಿ ಅನ್ನ ಆಗದು, ಮಗಳು ಉಪ್ಪಿಟ್ಟೆಂದರೆ ತಟ್ಟೆ ದೂಡುತ್ತಾಳೆ. ಇಷ್ಟನ್ನೂ ಕೂಡಿ ಕಳೆದು ತೀರ್ಮಾನಕ್ಕೆ ಬರಬೇಕಾದವಳಿಗೆ ಅವನಿಂದ ಸಂದ ನೆರವು ಎರಡು ಪದ. ಆಮೇಲೆ ತಟ್ಟೆಯ ಮುಂದೆ ಕೂತು ‘ಮತ್ತೆ ಉಪ್ಪಿಟ್ಟಾ?’ ಎಂದನೋ, ಅಂದು ರಾತ್ರಿ ಆ ಮನೆಯಲ್ಲಿ ‘ಏನಾದ್ರೂ’ ಪದದ ಅರ್ಥವ್ಯಾಪ್ತಿಯ ಮೇಲೆ ಗೋಷ್ಠಿ ನಡೆಯುತ್ತದೆ.

ನನ್ನ ತೀರ್ಪು ಅಡುಗೆಮನೆಯ ಕಡೆಗಿದೆ. ಆಯ್ಕೆಯನ್ನು ಬಿಟ್ಟುಕೊಡುವುದು ಬೇರೆ, ಆಯ್ಕೆಯ ಹೊರೆಯನ್ನು ಹೊರಿಸುವುದು ಬೇರೆ.

*

‘ನಂಗೇನು’ ಎಂದು ಒಮ್ಮೆ ಅಂದವನಿಗೆ ನಿಜಕ್ಕೂ ಏನೂ ಇಲ್ಲದಿರಬಹುದು. ಅದನ್ನೇ ಮೂರು ಸಲ ಹೇಳಿದವನನ್ನು ಸ್ವಲ್ಪ ಕೂರಿಸಿ, ಕಾಫಿ ಕೊಟ್ಟು ಕೇಳಿ.

*

‘ಇರ್ಲಿ ಬಿಡು’, ‘ಹೋಗ್ಲಿ ಬಿಡು’. ಒಂದು ಇರಗೊಡುತ್ತದೆ, ಇನ್ನೊಂದು ಹೋಗಗೊಡುತ್ತದೆ. ನಾವು ಎರಡನ್ನೂ ಒಂದೇ ಗಾಯಕ್ಕೆ ಹಚ್ಚುತ್ತೇವೆ. ಪೆಟ್ಟು ತಿಂದವನೇ ಹೇಳಿಕೊಂಡರೆ ಅದು ಔಷಧ. ಪೆಟ್ಟು ಕೊಟ್ಟವನು ಹೇಳಿದರೆ ಎರಡನೆಯ ಪೆಟ್ಟು. ಊರ ಪಂಚಾಯಿತಿಯಲ್ಲಿ ‘ಹೋಗ್ಲಿ ಬಿಡಪ್ಪ’ ಎಂಬ ಹಿರಿಯರ ಮಾತು ಎಷ್ಟು ಜಗಳ ನಿಲ್ಲಿಸಿದೆಯೋ ಅಷ್ಟೇ ಅನ್ಯಾಯಗಳನ್ನು ಮುಚ್ಚಿಯೂ ಹಾಕಿದೆ. ಅದನ್ನು ಯಾರಿಗೆ ಹೇಳಿದರು ಎಂದು ನೋಡಿದರೆ ಸಾಕು, ಆ ಕಟ್ಟೆಯ ಮೇಲೆ ಯಾರ ಕೈ ಮೇಲಿತ್ತು ಎಂದು ತಿಳಿಯುತ್ತದೆ. ಬಲವಾಗಿದ್ದವನಿಗೆ ‘ಬಿಟ್ಟುಕೊಡಪ್ಪ’ ಎಂದ ಪಂಚಾಯಿತಿ ಅಪರೂಪ.

*

ಗ್ರೀಸಿನ ಹೆರೊಡೋಟಸ್ ತನ್ನ ಇತಿಹಾಸದಲ್ಲಿ ಒಂದು ಸ್ವಯಂವರದ ಕಥೆ ಹೇಳುತ್ತಾನೆ. ಸಿಕ್ಯೋನ್ ಪಟ್ಟಣದ ದೊರೆ ಕ್ಲೈಸ್ಥೆನೀಸ್ ಮಗಳು ಅಗರಿಸ್ತೆಗೆ ಗಂಡು ಹುಡುಕಲು ಕುಲೀನರ ಮಕ್ಕಳನ್ನೆಲ್ಲ ಕರೆದು ಒಂದು ವರ್ಷ ಮನೆಯಲ್ಲಿಟ್ಟುಕೊಂಡು ಪರೀಕ್ಷಿಸಿದ. ಅಥೆನ್ಸಿನ ಹಿಪ್ಪೊಕ್ಲೈಡಿಸ್ ಎಲ್ಲರಿಗಿಂತ ಮುಂದಿದ್ದ. ಕೊನೆಯ ದಿನದ ಔತಣದಲ್ಲಿ ಅಮಲೇರಿದ ಈ ಮಹಾಶಯ ಮೇಜು ತರಿಸಿ, ಅದರ ಮೇಲೆ ತಲೆಕೆಳಗಾಗಿ ನಿಂತು ಕಾಲಿನಲ್ಲಿ ಕುಣಿದ. ನಿನ್ನ ಕುಣಿತದಲ್ಲಿ ಮದುವೆ ಹಾರಿಹೋಯಿತು ಎಂದು ಮಾವನಾಗಬೇಕಿದ್ದವನು ಗುಡುಗಿದರೆ, ಹಿಪ್ಪೊಕ್ಲೈಡಿಸನಿಗೆ ಅದರ ಚಿಂತೆಯಿಲ್ಲ ಎಂದು ಉತ್ತರ ಬಂತು. ತನ್ನದೇ ಹೆಸರು ಹಿಡಿದು, ಇನ್ನೊಬ್ಬನ ಬಗ್ಗೆ ಹೇಳುವಂತೆ. ಅದು ಗ್ರೀಕರ ಗಾದೆಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ‘ಅರೇಬಿಯಾದ ಲಾರೆನ್ಸ್’ ಎಂದು ಹೆಸರಾದ ಟಿ. ಇ. ಲಾರೆನ್ಸ್ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿದ್ದ ತನ್ನ ಪುಟ್ಟ ಮನೆಯ ಬಾಗಿಲ ಮೇಲೆ ಅದನ್ನೇ ಕೆತ್ತಿಸಿಕೊಂಡ.

ಅಗರಿಸ್ತೆಯನ್ನು ಮೆಗಕ್ಲೀಸ್ ಎಂಬವನು ಮದುವೆಯಾದ. ಅವರ ಮಗ, ತಾತನ ಹೆಸರಿನ ಕ್ಲೈಸ್ಥೆನೀಸ್, ಅಥೆನ್ಸಿನ ಪ್ರಜಾಪ್ರಭುತ್ವಕ್ಕೆ ಅಡಿಪಾಯ ಹಾಕಿದ. ಕುಣಿದವನಿಗೆ ಇದರ ಚಿಂತೆಯೂ ಇದ್ದಿರಲಾರದು.

*

ಕ್ಯಾರೇ ಅನ್ನದಿರುವುದು ಒಬ್ಬನಲ್ಲಿದ್ದರೆ ತಮಾಷೆ, ಪಡೆಯಲ್ಲಿದ್ದರೆ ಭಯ. ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಕರಿಯಂಗಿ ಪಡೆಯವರ ಘೋಷಣೆ ‘ಮೆ ನೆ ಫ್ರೇಗೊ’: ನನಗೇನೂ ಲೆಕ್ಕಕ್ಕಿಲ್ಲ ಎಂಬುದರ ಒರಟು ರೂಪ. ಲೆಕ್ಕಕ್ಕಿಲ್ಲದವರ ಪಟ್ಟಿಯಲ್ಲಿ ಮುಂದೆ ಬೇರೆಯವರ ಜೀವಗಳೂ ಸೇರಿದವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಫ್ಲಾರೆನ್ಸಿನ ಹತ್ತಿರದ ಬೆಟ್ಟದೂರು ಬಾರ್ಬಿಯಾನದಲ್ಲಿ ಲೊರೆಂಜೊ ಮಿಲಾನಿ ಎಂಬ ಪಾದ್ರಿ ರೈತರ ಮಕ್ಕಳಿಗೆ ಶಾಲೆ ನಡೆಸಿದರು. ಅಲ್ಲಿಯ ಗೋಡೆಯ ಮೇಲೆ ಅವರು ಬರೆಸಿದ್ದು ‘ಐ ಕೇರ್’ ಎಂಬ ಎರಡೇ ಇಂಗ್ಲಿಷ್ ಪದ. ಅದು ಆ ಹಳೆಯ ಘೋಷಣೆಗೆ ನೇರ ಉತ್ತರ ಎಂದು ಅವರೇ ವಿವರಿಸಿದ್ದರು.

*

ಸಂಸ್ಕೃತದ ‘ಉಪೇಕ್ಷಾ’ ಎಂದರೆ ಹತ್ತಿರ ನಿಂತು ನೋಡುವುದು. ಬೌದ್ಧರ ನಾಲ್ಕು ಬ್ರಹ್ಮವಿಹಾರಗಳಲ್ಲಿ ಮೈತ್ರಿ, ಕರುಣೆ, ಮುದಿತೆಗಳನ್ನು ದಾಟಿ ಬಂದವನಿಗೆ ಸಿಗುವ ಕೊನೆಯ ನಿಲ್ದಾಣ ಅದು. ಪತಂಜಲಿಯ ಯೋಗಸೂತ್ರದಲ್ಲೂ ಅದು ಅದೇ ಮೂವರ ಸಂಗಡ ಇದೆ. ಕನ್ನಡ ಪತ್ರಿಕೆಯಲ್ಲಿ ಅದಕ್ಕೆ ಸಿಕ್ಕ ಕೆಲಸ: ‘ಉಪೇಕ್ಷೆಗೆ ಒಳಗಾದ ಕೆರೆ’.

*

ಉದಾಸೀನದ ಪ್ರಯಾಣ ಇನ್ನೂ ಸ್ವಾರಸ್ಯದ್ದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉದಾಸೀನ ಎಂದರೆ ಒಬ್ಬ ರಾಜ. ಗೆಲ್ಲಹೊರಟವನು, ಅವನ ಶತ್ರು, ಇಬ್ಬರಿಗೂ ಪಕ್ಕದವನಾದ ಮಧ್ಯಮ, ಈ ಮೂವರ ವಲಯದ ಹೊರಗೆ ಕೂತವನು, ಮೂವರಿಗಿಂತಲೂ ಬಲಶಾಲಿ. ಅವನು ಯಾರ ಕಡೆ ವಾಲಿದರೂ ಲೆಕ್ಕ ತಲೆಕೆಳಗು. ಗೀತೆಯ 12ನೆಯ ಅಧ್ಯಾಯ ಪ್ರಿಯ ಭಕ್ತನ ಲಕ್ಷಣಗಳಲ್ಲಿ ಉದಾಸೀನನಾಗಿರುವುದನ್ನೂ ಸೇರಿಸುತ್ತದೆ. ಅಲ್ಲಿಂದ ಇಳಿದು ಇಳಿದು ದಕ್ಷಿಣ ಕನ್ನಡದ ಜಗಲಿಗೆ ಬಂದಾಗ ಅದು ಸೋಮಾರಿತನ: ‘ಇವತ್ತು ತೋಟಕ್ಕೆ ಹೋಗ್ಲಿಕ್ಕೆ ಉದಾಸೀನ ಆಗ್ತದೆ ಮಾರಾಯ.’

ಬಲಶಾಲಿ ರಾಜನೂ ವೈರಾಗ್ಯದ ಭಕ್ತನೂ ಮಧ್ಯಾಹ್ನದ ಊಟ ಮುಗಿಸಿದ ಅಡಿಕೆ ತೋಟದ ಯಜಮಾನನೂ ಒಂದೇ ಪದದಲ್ಲಿ ಕೂತಿದ್ದಾರೆ. ಮೂವರೂ ಏನೂ ಮಾಡುತ್ತಿಲ್ಲ ಎಂಬುದು ನಿಜ.

*

ಆನೆ ನಡೆಯುವಾಗ ನಾಯಿ ಬೊಗಳಿದರೆ ಆನೆಯ ಮೌನ ದೊಡ್ಡತನ. ಎಮ್ಮೆಯ ಮೇಲೆ ಮಳೆ ಸುರಿದರೆ ಎಮ್ಮೆಯ ಮೌನ ಜಡತೆ. ಗಾದೆ ಕಟ್ಟಿದವರು ಪ್ರಾಣಿಯ ದರ್ಜೆ ನೋಡಿ ತೀರ್ಪು ಕೊಟ್ಟಿದ್ದಾರೆ.

ಎಮ್ಮೆಯ ಪರವಾಗಿ ಒಂದು ಮಾತು. ಅದರ ಚರ್ಮದಲ್ಲಿ ಬೆವರು ಗ್ರಂಥಿಗಳು ಕಡಿಮೆ. ಮೈ ತಂಪಾಗಲು ಕೆರೆಯೋ ಕೆಸರೋ ಬೇಕು. ಮಳೆಯಲ್ಲಿ ಕದಲದೆ ನಿಂತ ಎಮ್ಮೆ ಮಳೆಯನ್ನು ಸವಿಯುತ್ತಿರುತ್ತದೆ.

*

‘ರಾಜ ಯಾರಾದರೇನು, ರಾಗಿ ಬೀಸೋದು ತಪ್ಪೀತೇ?’ ಎಂಬ ಗಾದೆ ಹುಟ್ಟಿದ್ದು ಬೆಳಕು ಹರಿಯುವ ಮೊದಲು ಬೀಸುವ ಕಲ್ಲಿನ ಗೂಟ ಹಿಡಿದ ಹೆಂಗಸಿನ ಬಾಯಲ್ಲಿ ಎಂದೇ ನನ್ನ ನಂಬಿಕೆ. ರಾಜರು ಬದಲಾದದ್ದನ್ನು ಕಂಡವಳು ಅವಳು, ತನ್ನ ತೋಳು ನೋವು ಬದಲಾಗದ್ದನ್ನೂ ಕಂಡವಳು. ಅವಳು ಕ್ಯಾರೇ ಅನ್ನದಿರುವುದಕ್ಕೆ ತಲೆಮಾರುಗಳ ಅನುಭವದ ಆಧಾರವಿತ್ತು.

ಈಗ ಆ ಗಾದೆಯನ್ನು ಹೆಚ್ಚಾಗಿ ಉದುರಿಸುವುದು ರಾಗಿ ಬೀಸದವರು. 2024ರ ಲೋಕಸಭಾ ಚುನಾವಣೆಯಲ್ಲಿ ರಾಗಿಮುದ್ದೆಯ ಮಂಡ್ಯ ಕ್ಷೇತ್ರದಲ್ಲಿ ಶೇ 81ಕ್ಕೂ ಹೆಚ್ಚು ಜನ ಮತ ಹಾಕಿದರು. ಬೆಂಗಳೂರು ದಕ್ಷಿಣದಲ್ಲಿ ಹಾಕಿದವರು ಶೇ 53ರ ಆಸುಪಾಸು.

*

2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಮತಯಂತ್ರದಲ್ಲಿ ‘ನೋಟಾ’ ಗುಂಡಿ ಬಂತು. ಬಿಸಿಲಿನಲ್ಲಿ ಸಾಲು ನಿಂತು, ಬೆರಳಿಗೆ ಶಾಯಿ ಹಾಕಿಸಿಕೊಂಡು, ‘ನೀವ್ಯಾರೂ ಬೇಡ’ ಎಂದು ಒತ್ತಿ ಬರುವವನನ್ನು ನಿರಾಸಕ್ತ ಎನ್ನಬೇಡಿ. ಅವನು ಆ ಗುಂಡಿ ಒತ್ತಲೆಂದೇ ಬಂದಿರುತ್ತಾನೆ.

*

ತಾಲ್ಲೂಕು ಮಟ್ಟದ ಒಂದು ಕಚೇರಿ. ಕೌಂಟರಿನ ಗಾಜಿಗೆ ಅರ್ಧಚಂದ್ರದ ತೂತು. ಅದು ಎಷ್ಟು ಕೆಳಗಿದೆಯೆಂದರೆ ಮಾತಾಡಬೇಕಾದವರು ತಾವಾಗಿಯೇ ಸೊಂಟ ಬಗ್ಗಿಸಬೇಕು. ವೃದ್ಧಾಪ್ಯ ವೇತನ ನಿಂತುಹೋದ ಅಜ್ಜಿಯೊಬ್ಬರು ಮೊದಲೇ ಬಗ್ಗಿದ್ದ ಬೆನ್ನನ್ನು ಇನ್ನಷ್ಟು ಬಗ್ಗಿಸಿ ನಿಂತಿದ್ದರು. ಪ್ಲಾಸ್ಟಿಕ್ ಕವರು ಬಿಚ್ಚಿ ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಮಡಿಕೆಯಲ್ಲಿ ಹರಿದ ಮಂಜೂರಾತಿ ಪತ್ರ ಎಲ್ಲ ಒಂದರ ಮೇಲೊಂದು ಜೋಡಿಸಿ ತೂತಿನೊಳಗೆ ಇಟ್ಟರು. ‘ಸಾಮೀ’ ಎಂದರು. ಒಳಗಿದ್ದವರು ಕೀಬೋರ್ಡಿನಿಂದ ಕಣ್ಣೆತ್ತಲಿಲ್ಲ. ಹಿಂದಿನವನೊಬ್ಬ ಅಜ್ಜಿಯ ತಲೆಯ ಮೇಲಿಂದ ಕೈ ಚಾಚಿ ತನ್ನ ಅರ್ಜಿ ತೂರಿಸಿದ. ಅದೂ ಹಾಗೇ ಬಿತ್ತು. ಸ್ವಲ್ಪ ಹೊತ್ತಿನ ಮೇಲೆ ಸಾಲಿನಲ್ಲಿದ್ದ ಕಾಲೇಜು ಹುಡುಗಿ ಗಾಜು ತಟ್ಟಿ, ‘ಸಾರ್, ಅಜ್ಜಿ ಕೇಳ್ತಾ ಇದಾರೆ ನೋಡಿ’ ಎಂದಳು.

‘ಏನಜ್ಜಿ?’

ಖಾತೆಗೆ ಆಧಾರ್ ಜೋಡಣೆಯಾಗಿರಲಿಲ್ಲ, ಬ್ಯಾಂಕಿಗೆ ಹೋಗಿ ಮಾಡಿಸಬೇಕಿತ್ತು. ಹೇಳಿ ಮುಗಿಸಲು ಅವರಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಹೇಳಿದ ರೀತಿಯಲ್ಲಿ ಸಿಡುಕೂ ಇರಲಿಲ್ಲ.

*

ಆ ನೌಕರರನ್ನು ಕಲ್ಲೆದೆಯವರು ಎನ್ನಲು ನನಗೆ ಮನಸ್ಸಿಲ್ಲ. ಪಕ್ಕದ ಕುರ್ಚಿ ಖಾಲಿಯಿತ್ತು, ಸರ್ವರ್ ಕೈಕೊಟ್ಟಿತ್ತು, ಮೇಜಿನ ಮೇಲೆ ಕಡತ ಬೆಟ್ಟವಾಗಿತ್ತು. ತಲೆ ಎತ್ತಿದರೆ ಕಣ್ಣಿಗೆ ಕಣ್ಣು ಸೇರುತ್ತದೆ, ಸೇರಿದರೆ ಜವಾಬು ಕೊಡಬೇಕಾಗುತ್ತದೆ. ಸಾಲಿನಲ್ಲಿರುವ ಅಷ್ಟೂ ಜನಕ್ಕೆ ಕೊಡುವಷ್ಟು ಜವಾಬು ತನ್ನಲ್ಲಿಲ್ಲ ಎಂದು ಗೊತ್ತಿರುವವನು ತಲೆ ಎತ್ತುವುದನ್ನೇ ಬಿಡುತ್ತಾನೆ. ಮೊದಮೊದಲು ಉಪಾಯವಾಗಿದ್ದದ್ದು ಬರಬರುತ್ತ ಕತ್ತಿನ ಅಭ್ಯಾಸವಾಗುತ್ತದೆ.

ಇಷ್ಟನ್ನು ಒಪ್ಪಿದರೂ ಅಜ್ಜಿಯ ಬೆನ್ನು ನೆಟ್ಟಗಾಗುವುದಿಲ್ಲ.

*

ಜವಾಬು ಎಂದರೆ ಉತ್ತರ, ‘ದಾರ’ ಎಂದರೆ ಇರಿಸಿಕೊಂಡವನು. ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅವರು ಉತ್ತರಕ್ಕೆ ಇವತ್ತೂ ಜವಾಬು ಎನ್ನುತ್ತಾರೆ. ಕೇಳಿದಾಗ ಉತ್ತರ ಕೊಡಲು ಬದ್ಧನಾದವನು ಜವಾಬ್ದಾರ. ಕೆಲಸ ಮುಗಿಸಿಯೇ ತೀರಬೇಕೆಂಬ ಷರತ್ತು ಈ ಪದದೊಳಗೆ ಇಲ್ಲ. ಯಾಕೆ ಆಗಲಿಲ್ಲ ಎಂದು ಹೇಳಿದರೂ ಮರ್ಯಾದೆ ಉಳಿಯುತ್ತದೆ. ಕ್ಯಾರೇ ಅನ್ನದವನು ಕಳೆದುಕೊಳ್ಳುವುದು ಇಷ್ಟು ಅಗ್ಗದ ಮರ್ಯಾದೆಯನ್ನು.

*

‘ನಾಳೆ ಬಾ’ ಎನ್ನುವವನು ಬೇರೆ ಜಾತಿಯವನು. ಅವನು ಉತ್ತರ ಕೊಡುತ್ತಾನೆ, ಸುಳ್ಳು ಉತ್ತರ. ಹಿಂದೊಮ್ಮೆ ರಾತ್ರಿ ಹೆಸರು ಹಿಡಿದು ಕೂಗುವ ದೆವ್ವದ ಸುದ್ದಿ ಹಬ್ಬಿದಾಗ ಬೆಂಗಳೂರಿನ ಬೀದಿಬೀದಿಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಓದಿ, ನಂಬಿ, ವಾಪಸ್ಸಾಗುತ್ತದಂತೆ. ಅಕ್ಷರಸ್ಥ ದೆವ್ವ. ಕಚೇರಿಗೆ ಅಲೆಯುವವರೂ ಅಷ್ಟೇ ಸಭ್ಯರು.

*

ಈ ಮಾತು ಎರಡು ದಿಕ್ಕಿಗೂ ಹಾರುತ್ತದೆ. ‘ಜನರ ಕೂಗಿಗೆ ಕ್ಯಾರೇ ಎನ್ನದ ಅಧಿಕಾರಿಗಳು’ ಎಂದು ಕೆಳಗಿನಿಂದ ಮೇಲಕ್ಕೆ, ‘ಲಾಕ್‌ಡೌನ್‌ಗೂ ಕ್ಯಾರೇ ಎನ್ನದ ಜನ’ ಎಂದು ಮೇಲಿನಿಂದ ಕೆಳಕ್ಕೆ. 2020ರಲ್ಲಿ ಟಿ.ವಿ. ಪರದೆಯ ಕೆಂಪು ಪಟ್ಟಿಯಲ್ಲಿ ಎರಡನೆಯದು ತಿಂಗಳುಗಟ್ಟಲೆ ಓಡಿತು. ಆ ಜನರಲ್ಲಿ ಅರ್ಧ ಮಂದಿ ಕೂಲಿಗೆ ಹೊರಟವರೋ ಔಷಧಿಗೆ ಹೊರಟವರೋ ಎಂದು ಕ್ಯಾಮೆರಾ ವಿಚಾರಿಸಲಿಲ್ಲ. ಕ್ಯಾರೇ ಅನ್ನದವರು ಆ ದೃಶ್ಯದಲ್ಲಿ ಯಾರೆಂದು ಪತ್ತೆ ಹಚ್ಚುವುದು ಸುಲಭವಿಲ್ಲ.

*

ಬೀದಿಯ ಮಾತು ಶೀರ್ಷಿಕೆಗೆ ಏರಿದಾಗ ಪಂಚೆ ಸರಿಮಾಡಿಕೊಳ್ಳುತ್ತದೆ. ಬಾಯಲ್ಲಿ ‘ಕ್ಯಾರೇ ಅನ್ನಲ್ಲ’, ಪತ್ರಿಕೆಯಲ್ಲಿ ‘ಕ್ಯಾರೇ ಎನ್ನದ’. ನ್ಯಾಯಾಲಯದ ಆದೇಶ, ಘನ ಸರ್ಕಾರ ಎಂಬ ಭಾರಿ ಪದಗಳ ಪಕ್ಕದಲ್ಲಿ ಕಾಲಂ ಅಗಲಕ್ಕೆ ತಕ್ಕಂತೆ ಅದು ಗಂಭೀರವಾಗಿ ಕೂರುತ್ತದೆ. ‘ನಿರ್ಲಕ್ಷಿಸಿದ’ ಎಂಬ ಮಡಿಪದ ಕೈಗೆಟುಕುವಲ್ಲೇ ಇದ್ದರೂ ಉಪಸಂಪಾದಕರು ಇದನ್ನೇ ಆರಿಸುತ್ತಾರೆ. ನಿರ್ಲಕ್ಷ್ಯದಲ್ಲಿ ಓದುಗನಿಗೆ ಸಿಟ್ಟು ಬರುವುದಿಲ್ಲ.

*

ಕಾನೂನಿಗೆ ನಿರ್ಲಕ್ಷ್ಯವೇ ಬೇಕು. 1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದರೆ ಹಳೆಯ 304ಎ ಕಲಂನಲ್ಲಿ ಗರಿಷ್ಠ 2 ವರ್ಷ ಸಜೆಯಿತ್ತು. ಹೊಸ 106ನೆಯ ಕಲಂನಲ್ಲಿ 5 ವರ್ಷ.

*

ವಾಟ್ಸ್‌ಆ್ಯಪ್ 2014ರ ನವೆಂಬರಿನಲ್ಲಿ ನೀಲಿ ಗೀಟುಗಳನ್ನು ತಂದಿತು. ಅಲ್ಲಿಯವರೆಗೆ ‘ಕಾಗದ ತಲುಪಲಿಲ್ಲವೇನೋ’, ‘ಬಿಡುವಿರಲಿಲ್ಲವೇನೋ’ ಎಂದು ನಮ್ಮನ್ನು ನಾವೇ ಸಂತೈಸಿಕೊಳ್ಳಬಹುದಿತ್ತು. ಈಗ ಎದುರಿನವನು ಓದಿ ಸುಮ್ಮನಿದ್ದಾನೆ ಎಂದು ಯಂತ್ರವೇ ಸಾಕ್ಷಿ ನುಡಿಯುತ್ತದೆ. ಕೆಲವರು ಜಾಣತನದಿಂದ ಆ ಗೀಟುಗಳನ್ನೇ ಬಂದ್ ಮಾಡಿಟ್ಟಿದ್ದಾರೆ. ತಲೆ ಎತ್ತದ ಗುಮಾಸ್ತನನ್ನು ಬೈಯುವ ಗುಂಪಿನಲ್ಲಿ ಅವರೂ ಇರುತ್ತಾರೆ.

*

‘ಲೈಟಾಗ್ ತಗೋ ಮಗಾ’, ‘ತಲೆ ಕೆಡಿಸ್ಕೋಬೇಡ ಗುರು’, ‘ಚಿಲ್ ಮಾಡು’. ಹರೆಯದವರ ಈ ಮಾತುಗಳನ್ನು ಬೇಜವಾಬ್ದಾರಿ ಎಂದು ಜರಿಯುವ ಹಿರಿಯರು ಒಂದನ್ನು ಗಮನಿಸಿಲ್ಲ. ಇವೆಲ್ಲ ಇನ್ನೊಬ್ಬನಿಗೆ ಹೇಳುವ ಮಾತುಗಳು. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವನ ಹೆಗಲ ಮೇಲೆ ಕೈಹಾಕಿ, ಬೈಕಿನ ಹಿಂದೆ ಕೂರಿಸಿಕೊಂಡು, ಟೀ ಅಂಗಡಿಗೆ ಕರೆದೊಯ್ದು ಹೇಳುವಂಥವು.

*

‘ಊರ ಉಸಾಬರಿ ನಮಗ್ಯಾಕೆ?’ ಎನ್ನುವ ಮನೆಯವರಿಗೆ ಎದುರು ಮನೆಗೆ ನಿನ್ನೆ ಯಾರು ಬಂದಿದ್ದರೆಂದು ಚೆನ್ನಾಗಿ ಗೊತ್ತಿರುತ್ತದೆ.

*

ಆಸ್ಪತ್ರೆಯ ನರ್ಸಮ್ಮ ಪ್ರತಿಯೊಬ್ಬರ ‘ಅಯ್ಯೋ’ಗೂ ಮರುಗುತ್ತ ನಿಂತರೆ ಸೂಜಿ ಹಿಡಿದ ಕೈ ನಡುಗೀತು. ಅಲ್ಲಿ ಸ್ವಲ್ಪ ಮರಗಟ್ಟಿದ ಕಿವಿ ಬೇಕು. ಎಷ್ಟು ಮರಗಟ್ಟಿರಬೇಕು ಎಂಬುದಕ್ಕೆ ಅಳತೆಗೋಲು ಸಿಕ್ಕಿಲ್ಲ. ಸೂಜಿ ಚುಚ್ಚುವ ಮೊದಲು ‘ಒಂಚೂರು ನೋಯತ್ತೆ’ ಎನ್ನುವವರನ್ನು ನಾನು ನಂಬುತ್ತೇನೆ.

*

ಸರ್ಕಾರವೂ ಕ್ಯಾರೇ ಅನ್ನದಿರುವುದಕ್ಕೆ ಬೆಲೆ ಕಟ್ಟಿದೆ. ಕರ್ನಾಟಕದ ‘ಸಕಾಲ’ ಕಾಯ್ದೆ 2011ರದು, ಜಾರಿಗೆ ಬಂದದ್ದು 2012ರಲ್ಲಿ. ಗೊತ್ತುಪಡಿಸಿದ ದಿನದೊಳಗೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಅರ್ಜಿದಾರ ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು, ಹೋಟೆಲಿನಲ್ಲಿ ತಿಂಡಿ ತಿಂದು, ಜೆರಾಕ್ಸ್ ಮಾಡಿಸುವ ಖರ್ಚನ್ನು ಈ 20 ರೂಪಾಯಿಯ ಪಕ್ಕದಲ್ಲಿಟ್ಟು ನೋಡಿದರೆ ಮೊತ್ತ ನಗೆ ತರಿಸುತ್ತದೆ. ಆದರೂ ತಡಮಾಡಿದ್ದಕ್ಕೆ ಒಂದು ದರ ಇದೆ ಎಂದು ಕಾಗದದ ಮೇಲೆ ಬಂತಲ್ಲ, ಅದು ಸಣ್ಣ ಸಂಗತಿಯಲ್ಲ.

*

2005ರ ಮಾಹಿತಿ ಹಕ್ಕು ಕಾಯ್ದೆ ಇನ್ನೂ ಗಟ್ಟಿ. ಅರ್ಜಿ ಕೊಟ್ಟ 30 ದಿನದೊಳಗೆ ಉತ್ತರ ಬರದಿದ್ದರೆ ಮಾಹಿತಿ ನಿರಾಕರಿಸಿದಂತೆಯೇ ಎಂದು 7ನೆಯ ಕಲಂ ಹೇಳುತ್ತದೆ. ಕೇಳಿಸಲಿಲ್ಲ, ನೋಡಲಿಲ್ಲ, ಕಡತ ಮೇಲೆ ಬರಲಿಲ್ಲ ಎಂಬ ನೆಪಗಳಿಗೆ ಅಲ್ಲಿ ಜಾಗವಿಲ್ಲ. ಸುಮ್ಮನಿದ್ದವನೂ ‘ಇಲ್ಲ’ ಎಂದವನ ಸಾಲಿಗೇ ಸೇರುತ್ತಾನೆ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಮಾಹಿತಿ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು, ಅದೂ ಅವರ ಸ್ವಂತ ಜೇಬಿನಿಂದ.

ಆದ್ದರಿಂದ ಮಾಹಿತಿ ಕೇಳಿ ಅರ್ಜಿ ಹಾಕಿ ಕೂತಿರುವವರಲ್ಲಿ ಒಂದು ವಿನಂತಿ. ‘ಕ್ಯಾರೇ ಅಂತಿಲ್ಲ ಕಣ್ರೀ’ ಎಂದು ಬಸ್‌ಸ್ಟ್ಯಾಂಡಿನಲ್ಲಿ ಹೇಳಿಕೊಂಡು ಸುಮ್ಮನಾಗಬೇಡಿ. ಸ್ವೀಕೃತಿಯ ತಾರೀಖು ನೋಡಿಕೊಳ್ಳಿ. 30 ದಿನ ಕಳೆದಿದ್ದರೆ ಮುಂದಿನ 30 ದಿನದೊಳಗೆ, ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ವಕೀಲರು ಬೇಕಾಗಿಲ್ಲ, ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದರೆ ಸಾಕು.